ಕನ್ನಡದಲ್ಲಿ ‘ಅವರು’ ಇದ್ದಾರೆ

ಗಂಡು-ಹೆಣ್ಣಿನಾಚೆಗೆ ಮನುಷ್ಯರನ್ನು ಕಾಣುವುದು ಪಶ್ಚಿಮದಿಂದ ಬಂದ ಗೀಳು ಎಂದು ಲೇಖನವೊಂದರಲ್ಲಿ ಅದರ ಲೇಖಕರು ತೀರ್ಪಿತ್ತಿದ್ದಾರೆ. ಶುದ್ಧ ತಪ್ಪು. ಗಂಡಾಗಿ ಹುಟ್ಟಿ, ಸೀರೆಯುಟ್ಟು, ಎಲ್ಲಮ್ಮನ ಕೊಡ ಹೊತ್ತು ಕುಣಿಯುವ ಜೋಗತಿಯರನ್ನು ಅವರು ಕಂಡೇ ಇಲ್ಲವೇ? ಮಂಜಮ್ಮ ಜೋಗತಿ ನಮ್ಮ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದವರು. 2021ರಲ್ಲಿ ಪದ್ಮಶ್ರೀ ಪಡೆದವರು.

ಹೊರಗಿನಿಂದ ಬಂದದ್ದು ಬೇರೆಯೇ. ಉತ್ತರ ಭಾರತದಲ್ಲಿ ಹಿಜಡಾಗಳನ್ನು ಸಂಶಯಿತರೆಂದು ಪೊಲೀಸ್ ದಾಖಲೆಗೆ ಸೇರಿಸಿದ್ದು 1871ರ ಬ್ರಿಟಿಷ್ ಕಾಯ್ದೆ. ಅದೇ ಸಂಶಯವನ್ನು 2011ರಲ್ಲಿ 36ಎ ಕಲಮಾಗಿ ಕರ್ನಾಟಕದ ಪೊಲೀಸ್ ಕಾಯ್ದೆಗೆ ತುರುಕಿದವರು ನಾವೇ. ಈ ನಾಚಿಕೆ ನನ್ನನ್ನು ಇನ್ನೂ ಬಿಟ್ಟಿಲ್ಲ. ತನ್ನ ಲಿಂಗವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ 2014ರಲ್ಲೇ ಎತ್ತಿಹಿಡಿದಿದೆ.

ಇಂಥವರನ್ನು ಏನೆಂದು ಕರೆಯಬೇಕು ಎಂದು ಲೇಖಕರು ಕೇಳುತ್ತಾರೆ. ‘ಅವರು’ ಅನ್ನಿ ಸ್ವಾಮಿ. ಆ ಪದ ಗಂಡೋ ಹೆಣ್ಣೋ ಎಂದು ವಿಚಾರಿಸುವುದಿಲ್ಲ.