ಮೂವತ್ತು ದಿನಗಳ ತಾಳ್ಮೆ



ನ್ಯಾಯವೆಂಬುದು ಅರಸರಿಗೂ ಅಧಿಕಾರಿಗಳಿಗೂ ಸೇರಿದ ವಿಷಯ, ಗೃಹಸ್ಥರಿಗೆ ಅದರ ಗೊಡವೆಯೇಕೆಂದು ಕೆಲವರು ಕೇಳುವುದುಂಟು. ಕ್ರೈಸ್ತಸಭೆಯ ಪೂರ್ವಚರಿತ್ರೆಯ ಒಂದು ವೃತ್ತಾಂತವು ಇದಕ್ಕೆ ತಕ್ಕ ಉತ್ತರವನ್ನು ಕೊಡುವುದು.

ಕ್ರಿ. ಶ. 390ರಲ್ಲಿ ಥೆಸಲೊನೀಕ ಪಟ್ಟಣದ ಜನರು, ರಥಪಂದ್ಯದ ತಮ್ಮ ಮೆಚ್ಚಿನ ಸಾರಥಿಯನ್ನು ಸೆರೆಯಲ್ಲಿಟ್ಟನೆಂಬ ಕಾರಣದಿಂದ ದಂಗೆಯೆದ್ದು, ಬುಥೆರಿಕನೆಂಬ ಸೇನಾನಿಯನ್ನು ಕೊಂದರು. ರೋಮ್ ಚಕ್ರವರ್ತಿ ಥಿಯೊಡೋಸಿಯಸನು ಕ್ರೈಸ್ತನು, ಭಕ್ತನೂ ಹೌದು, ಆದರೆ ಶೀಘ್ರಕೋಪಿ. ವಾರ್ತೆಯನ್ನು ಕೇಳಿ ಪಟ್ಟಣವನ್ನು ದಂಡಿಸುವಂತೆ ಆಜ್ಞಾಪಿಸಿದನು. ಬಳಿಕ ಆಜ್ಞೆಯನ್ನು ಹಿಂದೆಗೆದುಕೊಂಡನಾದರೂ ಕಾಲವು ಮೀರಿಹೋಗಿತ್ತು. ಅಪರಾಧಿ, ನಿರಪರಾಧಿಗಳೆಂಬ ಭೇದವಿಲ್ಲದೆ ಜನರು ಹತರಾದರು. ಅವರ ಸಂಖ್ಯೆ ಏಳು ಸಾವಿರವೆಂದು ಚರಿತ್ರಕಾರನಾದ ಥಿಯೊಡೊರೆಟನು ಬರೆದಿರುವನು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ಮಿಲಾನ್ ನಗರದ ಬಿಷಪರಾದ ಆಂಬ್ರೋಸರು ಭಯದಿಂದ ಸುಮ್ಮನಿರಲಿಲ್ಲ. ಚಕ್ರವರ್ತಿಯೊಬ್ಬನೇ ಓದಲೆಂದು ಸ್ವಹಸ್ತದಿಂದ ಪತ್ರವನ್ನು ಬರೆದು, ದಾವೀದರಸನು ಪ್ರವಾದಿ ನಾತಾನನ ಮುಂದೆ ಪಾಪವನ್ನು ಒಪ್ಪಿಕೊಂಡುದನ್ನು ಜ್ಞಾಪಿಸಿದರು. ಪಶ್ಚಾತ್ತಾಪಪಡದ ಹೊರತು ಅವನ ಸಮ್ಮುಖದಲ್ಲಿ ಬಲಿಪೂಜೆಯನ್ನು ನಡೆಯಿಸಲಾರೆನೆಂದರು. ಚಕ್ರವರ್ತಿಯು ರಾಜಚಿಹ್ನೆಗಳನ್ನು ಕಳಚಿಟ್ಟು, ದೇವಾಲಯದಲ್ಲಿ ಸಕಲರೆದುರಿಗೆ ಕಣ್ಣೀರಿಟ್ಟು ಕ್ಷಮೆಯನ್ನು ಬೇಡಿದನು. ಮರಣದಂಡನೆಯನ್ನು ವಿಧಿಸಿದ ಮೇಲೆ 30 ದಿನ ತಡೆದು ಮರಳಿ ವಿಚಾರಿಸತಕ್ಕದ್ದೆಂಬ ಶಾಸನವು ಆಗಲೇ ಹುಟ್ಟಿತೆಂದು ಥಿಯೊಡೊರೆಟನು ಹೇಳುವನು.

ಈ ಶಾಸನವು ಮನೆಗೂ ಪಾಠಶಾಲೆಗೂ ಸಲ್ಲುವುದು. ನಾನು ಉಪಾಧ್ಯಾಯನಾಗಿದ್ದಾಗ, ಪುಸ್ತಕವನ್ನು ಕದ್ದನೆಂದು ಹುಡುಗನೊಬ್ಬನನ್ನು ವಿಚಾರಿಸದೆಯೇ ಬೆತ್ತದಿಂದ ಹೊಡೆದೆನು. ಮರುದಿನ ಆ ಪುಸ್ತಕವು ನನ್ನ ಮೇಜಿನೊಳಗೇ ಸಿಕ್ಕಿತು. ಹುಡುಗನನ್ನು ಏಕಾಂತಕ್ಕೆ ಕರೆದು ಸಮಾಧಾನ ಹೇಳಿದರಾಯಿತೆಂದು ಮನಸ್ಸು ನೆಪವೊಡ್ಡಿತು. ಆದರೆ ಪೆಟ್ಟು ಬಿದ್ದುದು ತರಗತಿಯ ಮುಂದೆ; ತಪ್ಪೊಪ್ಪಿಗೆಯೂ ಅಲ್ಲಿಯೇ ಆಗಬೇಡವೇ? ಎರಡು ದಿನ ಹಿಂಜರಿದು, ಮೂರನೆಯ ದಿನ ಎಲ್ಲರೆದುರಿಗೆ "ತಪ್ಪು ನನ್ನದು" ಎಂದೆನು. ಹುಡುಗನು ತಲೆ ತಗ್ಗಿಸಿ ಅತ್ತನು. ಅವನ ಅಂಗೈಯ ಬಾಸುಂಡೆಯನ್ನು ನಾನು ಇಂದಿಗೂ ಮರೆತಿಲ್ಲ.

ಪ್ರಜೆಯ ಪ್ರಾಣವು ಅರಸನ ಕೈಯಲ್ಲಿರುವಂತೆ, ಆಳಿನ ಕೂಲಿ, ಸೊಸೆಯ ಮಾನ, ಮಗುವಿನ ಮನಸ್ಸು ಯಜಮಾನರ ಕೈಯಲ್ಲಿರುವುವು. ಕೂಲಿಯನ್ನು ಹಿಡಿಯುವ ಮುನ್ನ, ಕೈಯೆತ್ತುವ ಮುನ್ನ, ಮೂವತ್ತು ದಿನವಲ್ಲದಿದ್ದರೂ ಒಂದು ರಾತ್ರಿ ತಡೆಯೋಣ. ತಡೆಯದೆ ತಪ್ಪಿದರೆ, ತಪ್ಪಿದ ಸ್ಥಳದಲ್ಲಿಯೇ ನಿಂತು ಒಪ್ಪಿಕೊಳ್ಳೋಣ.