ಹಳೆಯ ಸೈಕಲ್ ಮಾರಿದರೆ ತೆರಿಗೆ ಕಟ್ಟಬೇಕೇ?

ಹಳೆಯ ಸಾಮಾನು ಮಾರುವುದು ನಮಗೆ ಹೊಸದಲ್ಲ. ಪರೀಕ್ಷೆ ಮುಗಿದ ಮೇಲೆ ನೋಟ್‌ಬುಕ್ಕುಗಳನ್ನು ತೂಕಕ್ಕೆ ಹಾಕುವುದು, ಹಳೆಯ ಬಟ್ಟೆ ಕೊಟ್ಟು ಸ್ಟೀಲ್ ಪಾತ್ರೆ ತೆಗೆದುಕೊಳ್ಳುವುದು, ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಓದಿ ಮುಗಿಸಿದ ಪುಸ್ತಕ ಕೊಟ್ಟು ಮುಂದಿನ ತರಗತಿಯ ಪುಸ್ತಕ ತರುವುದು ಎಲ್ಲರಿಗೂ ಗೊತ್ತಿರುವ ಸಂಗತಿಗಳೇ. ಆಗ ಯಾರಿಗೂ ತೆರಿಗೆಯ ನೆನಪು ಬರುತ್ತಿರಲಿಲ್ಲ. ಈಗ ಅದೇ ಕೆಲಸ ಮೊಬೈಲಿನಲ್ಲಿ ನಡೆಯುತ್ತದೆ. ಸೈಕಲ್ಲಿನ ಫೋಟೊ ಹಾಕಿದರೆ ಸಂಜೆಯೊಳಗೆ ಗಿರಾಕಿ ಸಿಗುತ್ತಾನೆ, ಹಣ ನೇರವಾಗಿ ಬ್ಯಾಂಕಿಗೆ ಬರುತ್ತದೆ. ಹಣ ಬಂದದ್ದೇ ತಡ, ಪಾಲಕರಿಗೆ ಚಿಂತೆ ಶುರು: ‘ಇದನ್ನು ರಿಟರ್ನ್ಸ್‌ನಲ್ಲಿ ತೋರಿಸಬೇಕೇ? ನಾಳೆ ನೋಟಿಸು ಬಂದರೆ?’

ಚಿಂತೆ ಸಹಜ. ಆದರೆ ನಾವು ಹೆದರಬೇಕಿಲ್ಲದ ಕಡೆ ಹೆದರಿ, ಎಚ್ಚರ ವಹಿಸಬೇಕಾದ ಕಡೆ ಸುಮ್ಮನಿರುತ್ತೇವೆ. ಮಗನ ಹಳೆಯ ಲ್ಯಾಪ್‌ಟಾಪ್ ಮಾರಿ ಬಂದ 18,000 ರೂಪಾಯಿಗೆ ಗಾಬರಿಯಾಗುವ ಮನೆಯಲ್ಲೇ, ಅವನ ಕಾಲೇಜು ಶುಲ್ಕಕ್ಕೆಂದು ತಾಯಿಯ ಚಿನ್ನದ ಸರ ಮಾರಿದಾಗ ತೆರಿಗೆಯ ಮಾತೇ ಏಳುವುದಿಲ್ಲ. ಕಾನೂನು ಹೇಳುವುದು ಇದಕ್ಕೆ ತಿರುವುಮುರುವು.

ಹಣ ಬೇರೆ, ಆದಾಯ ಬೇರೆ

ಎಂಟನೆಯ ತರಗತಿಯ ಮಕ್ಕಳಿಗೆ ಉಷ್ಣ ಮತ್ತು ಉಷ್ಣತೆಯ ವ್ಯತ್ಯಾಸ ಹೇಳುವಾಗ ಒಂದು ಲೋಟ ಕುದಿಯುವ ನೀರು, ಒಂದು ಹಂಡೆ ಉಗುರುಬೆಚ್ಚಗಿನ ನೀರು ತೆಗೆದುಕೊಳ್ಳುತ್ತೇವೆ. ಲೋಟದ ಉಷ್ಣತೆ ಹೆಚ್ಚು. ಆದರೆ ತಣ್ಣೀರನ್ನು ಆ ಸ್ಥಿತಿಗೆ ತರಲು ಹಂಡೆಗೆ ಕೊಟ್ಟ ಉಷ್ಣವೇ ಹೆಚ್ಚು. ಎರಡು ಪದಗಳೂ ಒಂದೇ ಎಂದುಕೊಂಡರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ತೆರಿಗೆಯಲ್ಲೂ ಹೀಗೆಯೇ ಬೆರೆತುಹೋಗುವ ಎರಡು ಪದಗಳಿವೆ: ಕೈಗೆ ಬಂದ ಹಣ ಮತ್ತು ಆದಾಯ.

2021ರಲ್ಲಿ 45,000 ರೂಪಾಯಿಗೆ ಕೊಂಡ ಲ್ಯಾಪ್‌ಟಾಪನ್ನು ಈಗ 18,000ಕ್ಕೆ ಮಾರಿದಿರಿ ಎನ್ನಿ. ಬಂದ ಹಣ 18,000. ಆದರೆ ಲಾಭವೇನೂ ಆಗಿಲ್ಲ, 27,000 ಕಡಿಮೆಯೇ ಆಗಿದೆ. ಬಳಸಿದ ವಸ್ತು ಸವೆದಿದೆ, ಅದರ ಬೆಲೆ ಇಳಿದಿದೆ. ಇದರಲ್ಲಿ ಆದಾಯ ಎಲ್ಲಿದೆ?

ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 2(14)ನೇ ಕಲಂ ‘ಬಂಡವಾಳ ಆಸ್ತಿ’ ಎಂದರೇನು ಎಂದು ಹೇಳುವಾಗ, ಸ್ವಂತ ಬಳಕೆಯ ಚರ ವಸ್ತುಗಳನ್ನು ಅದರಿಂದ ಹೊರಗಿಟ್ಟಿದೆ. ಉಡುಪು, ಪೀಠೋಪಕರಣಗಳ ಹೆಸರನ್ನೇ ಹೇಳಿದೆ. ನಿಮ್ಮ ಬಳಕೆಗಾಗಲಿ, ನಿಮ್ಮನ್ನು ಅವಲಂಬಿಸಿದ ಕುಟುಂಬದವರ ಬಳಕೆಗಾಗಲಿ ಇಟ್ಟುಕೊಂಡ ಸೈಕಲ್, ಸ್ಕೂಟರ್, ಮೊಬೈಲ್, ಫ್ರಿಜ್, ಮಂಚ, ಪುಸ್ತಕ ಎಲ್ಲವೂ ಇದರಲ್ಲಿ ಸೇರುತ್ತವೆ. ಬಂಡವಾಳ ಆಸ್ತಿಯೇ ಅಲ್ಲದ ಮೇಲೆ ಬಂಡವಾಳ ಲಾಭದ ತೆರಿಗೆಯೂ ಇಲ್ಲ. ಅಪರೂಪಕ್ಕೆ ಕೊಂಡದ್ದಕ್ಕಿಂತ ಹೆಚ್ಚಿಗೆ ಮಾರಾಟವಾದರೂ ಇಲ್ಲ. ಹಾಗೆಯೇ ಲ್ಯಾಪ್‌ಟಾಪಿನ 27,000 ನಷ್ಟವನ್ನು ಬೇರೆ ಲಾಭದಲ್ಲಿ ಕಳೆಯುವಂತೆಯೂ ಇಲ್ಲ. 2026ರ ಏಪ್ರಿಲ್ 1 ಅನ್ನು ಜಾರಿಯ ದಿನವಾಗಿ ಗೊತ್ತುಮಾಡಿದ 2025ರ ಹೊಸ ಕಾಯ್ದೆಯಲ್ಲೂ ಈ ತಿರುಳು ಹಾಗೆಯೇ ಉಳಿದಿದೆ. ಆದರೆ ಟ್ಯೂಷನ್ ಅಥವಾ ಅಂಗಡಿಯ ಲೆಕ್ಕದಲ್ಲಿ ಖರ್ಚು ಹಾಕಿ ಸವಕಳಿ ಕಳೆದುಕೊಂಡ ಲ್ಯಾಪ್‌ಟಾಪಾಗಿದ್ದರೆ ಅದು ಸ್ವಂತ ಬಳಕೆಯ ವಸ್ತುವಲ್ಲ, ವ್ಯವಹಾರದ ಆಸ್ತಿ.

ಜಿಎಸ್‌ಟಿಯೂ ಅಷ್ಟೇ. ವ್ಯವಹಾರದ ಭಾಗವಾಗಿ ಮಾರಿದಾಗ ಮಾತ್ರ ಅದು ಅನ್ವಯಿಸುತ್ತದೆ. 2024ರ ಡಿಸೆಂಬರಿನಲ್ಲಿ ಹಳೆಯ ವಾಹನಗಳಿಗೆ ಶೇ 18 ಜಿಎಸ್‌ಟಿ ಎಂಬ ಸುದ್ದಿ ಬಂದಾಗ ಅನೇಕರು ಗಾಬರಿಯಾದರು. ಅದು ನೋಂದಾಯಿತ ವ್ಯಾಪಾರಿಗಳು ಪಡೆಯುವ ಲಾಭಾಂಶದ ಮೇಲಿನ ತೆರಿಗೆ. ನೀವು ನಿಮ್ಮ ಸ್ಕೂಟರನ್ನು ಇನ್ನೊಬ್ಬರಿಗೆ ಮಾರಿದರೆ ಅದಿಲ್ಲ.

ಚಿನ್ನದ ಲೆಕ್ಕವೇ ಬೇರೆ

ಸ್ವಂತ ಬಳಕೆಯ ವಸ್ತುವಾದರೂ ಕೆಲವಕ್ಕೆ ಈ ರಿಯಾಯಿತಿ ಸಿಗುವುದಿಲ್ಲ. ಆಭರಣ, ಪುರಾತತ್ವ ಸಂಗ್ರಹ, ರೇಖಾಚಿತ್ರ, ವರ್ಣಚಿತ್ರ, ಶಿಲ್ಪ ಮತ್ತು ಯಾವುದೇ ಕಲಾಕೃತಿ ಆ ಪಟ್ಟಿಯಲ್ಲಿವೆ. ದಿನವೂ ಕೊರಳಲ್ಲಿರುವ ಸರವಾದರೂ ಅದು ಬಂಡವಾಳ ಆಸ್ತಿಯೇ. ಕಾರಣ ಸರಳ. ಸೈಕಲ್ ಬಳಸಿದಷ್ಟೂ ಸವೆಯುತ್ತದೆ, ಚಿನ್ನದ ಬೆಲೆ ಸಾಮಾನ್ಯವಾಗಿ ಏರುತ್ತಾ ಹೋಗುತ್ತದೆ.

‘ಪೂಜೆಗೆ ಇಟ್ಟದ್ದು ಸ್ವಂತ ಬಳಕೆಯಲ್ಲವೇ?’ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಮಹಾರಾಜ ರಾಣಾ ಹೇಮಂತ್ ಸಿಂಗ್‌ಜಿ ಅವರ ಪ್ರಕರಣದಲ್ಲಿ ಚಿನ್ನದ ನಾಣ್ಯ, ಬೆಳ್ಳಿ ರೂಪಾಯಿ ಮತ್ತು ಬೆಳ್ಳಿ ಗಟ್ಟಿಗಳನ್ನು ಲಕ್ಷ್ಮೀಪೂಜೆಗೆ ಬಳಸುತ್ತಿದ್ದೆವು ಎಂಬ ವಾದವಿತ್ತು. ನಿತ್ಯದ ನಿಕಟ ಬಳಕೆಯಲ್ಲಿರುವುದಷ್ಟೇ ಸ್ವಂತ ಬಳಕೆಯ ವಸ್ತು, ಇವು ಹಾಗಲ್ಲ ಎಂದು 1976ರಲ್ಲಿ ತೀರ್ಪು ಬಂತು.

ಈಗ ಒಂದು ಲೆಕ್ಕ ಮಾಡೋಣ. 2005ರಲ್ಲಿ 21,000 ರೂಪಾಯಿಗೆ ಕೊಂಡ ಸರ ಈಗ 2,21,000ಕ್ಕೆ ಮಾರಾಟವಾಯಿತು ಎನ್ನಿ. ಲಾಭ 2,00,000. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಆಭರಣದ ಲಾಭಕ್ಕೆ 2024ರ ಜುಲೈ 23ರಿಂದ ಶೇ 12.5 ದರ. ಅಂದರೆ 25,000 ರೂಪಾಯಿ. ಅದರ ಮೇಲೆ ಶೇ 4 ಸೆಸ್ 1,000. ಒಟ್ಟು 26,000. ಎರಡು ವರ್ಷದೊಳಗೆ ಮಾರಿದರೆ ಲಾಭ ನಿಮ್ಮ ಇತರ ಆದಾಯದೊಂದಿಗೆ ಸೇರಿ ಮಾಮೂಲು ದರದಲ್ಲಿ ತೆರಿಗೆ ಬೀಳುತ್ತದೆ.

ಕಷ್ಟ ಎಲ್ಲಿದೆ ನೋಡಿ. ಸರ ಮಾರಿದ ಹಣ ಪೂರ್ತಿ ಕಾಲೇಜಿಗೆ ಹೋಗಿರುತ್ತದೆ. ಮರುವರ್ಷ ರಿಟರ್ನ್ಸ್ ತುಂಬುವಾಗ 26,000 ಎಲ್ಲಿಂದ ತರುವುದು? ಆದ್ದರಿಂದ ಮಾರುವ ದಿನವೇ ಆ ಪಾಲನ್ನು ಬೇರೆ ತೆಗೆದಿಡಬೇಕು.

ಯಾರ ಚಿನ್ನ ಎಂಬುದೂ ಮುಖ್ಯ. ತಾಯಿಗೆ ತವರಿನಿಂದ ಬಂದದ್ದಾದರೆ ಲಾಭ ಆಕೆಯದೇ. ಆಕೆಗೆ ಬೇರೆ ಆದಾಯವಿಲ್ಲದಿದ್ದರೆ, ತೆರಿಗೆ ಇಲ್ಲದ ಮೂಲ ಮಿತಿಯೊಳಗೆ ಈ ಲಾಭವನ್ನು ಹೊಂದಿಸಿಕೊಳ್ಳಬಹುದು. ಹೊಸ ಪದ್ಧತಿಯಲ್ಲಿ 2025-26ನೇ ಸಾಲಿನಿಂದ ಈ ಮಿತಿ 4 ಲಕ್ಷ ರೂಪಾಯಿ. ಆಗ ಮೇಲಿನ ಉದಾಹರಣೆಯಲ್ಲಿ ತೆರಿಗೆಯೇ ಇಲ್ಲ. ಆದರೆ ಗಂಡ ಮದುವೆಯ ನಂತರ ತನ್ನ ಹಣದಿಂದ ಮಾಡಿಸಿಕೊಟ್ಟ ಸರವಾದರೆ, ಲಾಭ ಗಂಡನ ಆದಾಯಕ್ಕೆ ಸೇರುತ್ತದೆ. ಅಜ್ಜಿಯಿಂದ ಬಂದದ್ದಾದರೆ ಅಜ್ಜಿ ಕೊಂಡ ಬೆಲೆ, ಅಜ್ಜಿ ಇಟ್ಟುಕೊಂಡ ಕಾಲ ಎರಡೂ ಲೆಕ್ಕಕ್ಕೆ ಬರುತ್ತವೆ. 2001ರ ಏಪ್ರಿಲ್ 1ಕ್ಕಿಂತ ಹಿಂದಿನದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಕೊಂಡ ಬೆಲೆಯೆಂದು ಹಿಡಿಯಬಹುದು.

ಇನ್ನೆರಡು ಮಾತು ನೆನಪಿಡಿ. ಹಳೆಯ ಬಳೆ ಕೊಟ್ಟು ಹೊಸ ಬಳೆ ತಂದರೂ ಕಾನೂನಿನ ಕಣ್ಣಿಗೆ ಅದು ಮಾರಾಟವೇ, ಏಕೆಂದರೆ ವಿನಿಮಯವೂ ಆಸ್ತಿಯ ವರ್ಗಾವಣೆ. ಆದರೆ ಚಿನ್ನ ಅಡವಿಟ್ಟು ಸಾಲ ಪಡೆದರೆ ಮಾರಾಟವಲ್ಲ, ಲಾಭದ ತೆರಿಗೆಯೂ ಇಲ್ಲ. ಬಡ್ಡಿಯನ್ನೂ ತೆರಿಗೆಯನ್ನೂ ಎದುರುಬದುರು ಇಟ್ಟು ನೋಡಿ ನಿರ್ಧರಿಸುವುದು ಜಾಣತನ.

ಅಟ್ಟದ ಮೇಲಿನ ಹಳೆಯ ವಿಗ್ರಹ, ತಾಳೆಗರಿಗಳನ್ನು ಫೋಟೊ ತೆಗೆದು ಮಾರಾಟಕ್ಕೆ ಹಾಕುವ ಮುನ್ನ ಇನ್ನೂ ಎಚ್ಚರ ಬೇಕು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ 100 ವರ್ಷ ದಾಟಿದ ಶಿಲ್ಪ, ಚಿತ್ರ ಮುಂತಾದವು, 75 ವರ್ಷ ದಾಟಿದ ಮೌಲ್ಯವುಳ್ಳ ಹಸ್ತಪ್ರತಿಗಳು ಪ್ರಾಚ್ಯವಸ್ತುಗಳು. ಪರವಾನಗಿಯಿಲ್ಲದೆ ಇವುಗಳ ವ್ಯಾಪಾರ ಮಾಡುವಂತಿಲ್ಲ. ಖಾಸಗಿಯವರು ವಿದೇಶಕ್ಕೆ ಕಳಿಸುವಂತೆಯೂ ಇಲ್ಲ.

ವ್ಯಾಪಾರ ಎಲ್ಲಿ ಶುರುವಾಗುತ್ತದೆ?

ಈಗ ವಿದ್ಯಾರ್ಥಿಗಳ ಸರದಿ. ನಿಮ್ಮ ಹಳೆಯ ಮೊಬೈಲ್ ಮಾರಿದಿರಿ, ತೆರಿಗೆ ಇಲ್ಲ. ಇದರಿಂದ ಉತ್ಸಾಹ ಬಂದು ಇನ್ನೊಬ್ಬರ ಕೆಟ್ಟ ಮೊಬೈಲನ್ನು 6,000ಕ್ಕೆ ಕೊಂಡು, 1,500 ಖರ್ಚು ಮಾಡಿ ರಿಪೇರಿಸಿ, 9,000ಕ್ಕೆ ಮಾರಿದಿರಿ. ಹೀಗೆ ತಿಂಗಳಿಗೆ ನಾಲ್ಕಾರು ಮಾರುತ್ತಾ ಹೋದರೆ ಅದು ವ್ಯಾಪಾರ. ಪ್ರತಿ ಮೊಬೈಲಿಗೆ ಉಳಿದ 1,500 ನಿಮ್ಮ ಆದಾಯ. ವಸ್ತು ಎರಡು ಕಡೆಯೂ ಮೊಬೈಲೇ. ಬಳಸಲು ಕೊಂಡದ್ದೇ, ಮಾರಲು ಕೊಂಡದ್ದೇ ಎಂಬುದೇ ವ್ಯತ್ಯಾಸ. ಇದರಲ್ಲಿ ತಪ್ಪೇನಿಲ್ಲ, ದುಡಿಯುವುದು ಒಳ್ಳೆಯದೇ. ಲೆಕ್ಕವಿಡಬೇಕು, ಅಷ್ಟೇ.

ಹದಿನೆಂಟು ತುಂಬದ ಮಕ್ಕಳ ಆದಾಯ ಸಾಮಾನ್ಯವಾಗಿ ತಂದೆತಾಯಿಯರಲ್ಲಿ ಹೆಚ್ಚು ಆದಾಯವುಳ್ಳವರ ಲೆಕ್ಕಕ್ಕೆ ಸೇರುತ್ತದೆ. ಮಗು ತನ್ನ ಕೈದುಡಿಮೆಯಿಂದ ಅಥವಾ ಕೌಶಲ, ಪ್ರತಿಭೆಯಿಂದ ಗಳಿಸಿದ್ದು ಮಾತ್ರ ಅದರದೇ ಆದಾಯ. ಆದ್ದರಿಂದ ಮಕ್ಕಳು ಮೊಬೈಲಿನಲ್ಲಿ ಏನು ಮಾರುತ್ತಿದ್ದಾರೆ ಎಂಬುದು ಪಾಲಕರಿಗೆ ತಿಳಿದಿರಲೇಬೇಕು.

ಮಾಹಿತಿ ಹೋದರೆ ತೆರಿಗೆ ಬಿತ್ತೆಂದಲ್ಲ

ಹಣವನ್ನು ತಾನೇ ಪಡೆದು ಮಾರುವವರಿಗೆ ದಾಟಿಸುವ ಆನ್‌ಲೈನ್ ಮಾರುಕಟ್ಟೆಗಳು ಮೂಲದಲ್ಲೇ ತೆರಿಗೆ ಕಡಿತ ಮಾಡಬೇಕೆಂಬ ನಿಯಮ 2020ರ ಅಕ್ಟೋಬರ್ 1ರಂದು ಬಂತು. 2024ರ ಅಕ್ಟೋಬರ್ 1ರಿಂದ ಅದರ ದರ ಶೇ 0.1. ಪ್ಯಾನ್ ಅಥವಾ ಆಧಾರ್ ಕೊಟ್ಟ ವ್ಯಕ್ತಿಯ ಮಾರಾಟ ವರ್ಷಕ್ಕೆ 5 ಲಕ್ಷ ದಾಟದಿದ್ದರೆ ಕಡಿತವಿಲ್ಲ. 2021ರ ನವೆಂಬರಿನಿಂದ ‘ಎಐಎಸ್’ ಎಂಬ ವಾರ್ಷಿಕ ಮಾಹಿತಿ ಪಟ್ಟಿಯನ್ನು ಇಲಾಖೆಯ ತಾಣದಲ್ಲಿ ನೀವೇ ನೋಡಬಹುದು. ಅದರಲ್ಲಿ ಒಂದು ಮೊತ್ತ ಕಂಡಿತೆಂದರೆ ಅದಕ್ಕೆ ವಿವರಣೆ ನಿಮ್ಮ ಬಳಿ ಇರಬೇಕು ಎಂದರ್ಥ, ತೆರಿಗೆ ಕಟ್ಟಲೇಬೇಕು ಎಂದಲ್ಲ.

ಅಮೆರಿಕದಲ್ಲಿರುವ ನಮ್ಮವರಿಗೂ ಇದೇ ಗೊಂದಲ. ಊರಿಗೆ ಮರಳುವಾಗ ಸೋಫಾ, ಮಂಚ ಮಾರುವವರು ‘1099-ಕೆ’ ಎಂಬ ನಮೂನೆಗೆ ಹೆದರುತ್ತಾರೆ. 20,000 ಡಾಲರ್ ಮತ್ತು 200 ವಹಿವಾಟು ದಾಟಿದರೆ ಮಾತ್ರ ಕಳಿಸಬೇಕಿದ್ದ ಅದರ ಮಿತಿಯನ್ನು 2021ರ ಕಾನೂನು 600 ಡಾಲರಿಗೆ ಇಳಿಸಿತು. ಜಾರಿ ಮುಂದೂಡುತ್ತಲೇ ಹೋಗಿ, 2025ರ ಜುಲೈನಲ್ಲಿ ಹಳೆಯ ಮಿತಿಯನ್ನೇ ಮರಳಿ ತಂದರು. ಮಿತಿ ಎಷ್ಟೇ ಬದಲಾದರೂ, ಸ್ವಂತ ವಸ್ತುವನ್ನು ನಷ್ಟಕ್ಕೆ ಮಾರಿದರೆ ತೆರಿಗೆಯಿಲ್ಲ ಎಂಬ ತತ್ವ ಅಲ್ಲಿ ಬದಲಾಗಲಿಲ್ಲ.

ನೋಟ್‌ಬುಕ್ಕಿನ ಒಂದು ಪುಟ

ಪ್ರಯೋಗಶಾಲೆಯಲ್ಲಿ ಅಳತೆಯನ್ನು ಆಗಲೇ ಬರೆದಿಡಿ ಎನ್ನುತ್ತೇವೆ. ಇಲ್ಲೂ ಅದೇ ನಿಯಮ. ವಸ್ತು ಯಾವುದು, ಯಾವಾಗ ಎಷ್ಟಕ್ಕೆ ಕೊಂಡದ್ದು, ಯಾವಾಗ ಎಷ್ಟಕ್ಕೆ ಮಾರಿದ್ದು, ಹಣ ಯಾವ ಖಾತೆಗೆ ಬಂತು ಎಂದು ಒಂದು ಪುಟದಲ್ಲಿ ಬರೆದು, ಸಿಕ್ಕ ಬಿಲ್ಲುಗಳನ್ನು ಜೊತೆಗಿಡಿ. ಹಳೆಯ ಸೈಕಲ್ಲಿನ ಹಣವನ್ನು ಆದಾಯವೆಂದು ರಿಟರ್ನ್ಸ್‌ನಲ್ಲಿ ತೋರಿಸಬೇಕಿಲ್ಲ. ಚಿನ್ನದ ಲಾಭವನ್ನು ತೋರಿಸಬೇಕು, ಅದಕ್ಕೆ ಸಂಬಳದಾರರು ತುಂಬುವ ‘ಸಹಜ್’ ನಮೂನೆಯಲ್ಲಿ ಜಾಗವಿಲ್ಲ. ಇನ್ನೊಂದು ಮಾತು: 2017ರ ಏಪ್ರಿಲ್ 1ರಿಂದ ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ.

ಈ ಭಾನುವಾರ ಮನೆಯವರೆಲ್ಲ ಕುಳಿತು ಮೂರು ಪ್ರಶ್ನೆ ಬಿಡಿಸಿ. ಒಂದು, ಅಕ್ಕ ಓದಿ ಮುಗಿಸಿದ ಪಿಯುಸಿ ಪುಸ್ತಕಗಳನ್ನು 1,200 ರೂಪಾಯಿಗೆ ಮಾರಿದಳು. ಎರಡು, ತಾತನ ಕಾಲದ ಮೈಸೂರು ಶೈಲಿಯ ಚಿತ್ರವನ್ನು ಅಪ್ಪ ಮಾರಿದರು. ಮೂರು, ತಮ್ಮ ಸೀನಿಯರುಗಳಿಂದ 20 ಕ್ಯಾಲ್ಕ್ಯುಲೇಟರ್ ಕೊಂಡು ಜೂನಿಯರುಗಳಿಗೆ ಲಾಭಕ್ಕೆ ಮಾರಿದ. ಮೊದಲನೆಯದಕ್ಕೆ ತೆರಿಗೆ ಇಲ್ಲ. ಎರಡನೆಯದು ಬಂಡವಾಳ ಲಾಭ, ಮೂರನೆಯದು ವ್ಯಾಪಾರದ ಆದಾಯ. ಕಾರಣಸಹಿತ ಉತ್ತರ ಹೇಳಿದ ಮಕ್ಕಳಿಗೆ ಪೂರ್ತಿ ಅಂಕ.