ಮನೆವಾರ್ತೆ: ಧನುರ್ಮಾಸದಲ್ಲಿ ಮನೆ ನೋಡಿ

ಸೋದರಿಯರೇ, ಕಾರ್ತಿಕ ಕಳೆದು ಚಳಿ ಬಿತ್ತು. ನಮ್ಮ ಕೋಲಾರದ ಕಡೆ ಸಂತೆಗೆ ಅವರೇಕಾಯಿ ಬಂದಾಗಿದೆ. ಈ ಸಲದ ಕಾಗದಗಳಲ್ಲಿ ವೇಮಗಲ್ಲಿನ ಸೋದರಿಯೊಬ್ಬರದು ನನ್ನನ್ನು ಯೋಚನೆಗೆ ಹಚ್ಚಿತು. ಯಜಮಾನರಿಗೆ ಕಾರ್ಖಾನೆ ಕೆಲಸ. ಒಡವೆ ಮಾರಿ, ಚೀಟಿ ಎತ್ತಿ, ನರಸಾಪುರದ ಪಕ್ಕದಲ್ಲಿ ಕಟ್ಟಿದ ಮನೆಯೊಂದನ್ನು ಕೊಳ್ಳಬೇಕೆಂದಿದ್ದಾರೆ. ಧನುರ್ಮಾಸ ಬರುವುದರೊಳಗೆ ಮುಂಗಡ ಕೊಡಿ, ಇಲ್ಲದಿದ್ದರೆ ಬೇರೆಯವರು ಹಾರಿಸಿಕೊಂಡು ಹೋಗ್ತಾರೆ ಅಂತ ಬ್ರೋಕರ್ ಅವಸರ ಮಾಡುತ್ತಿದ್ದಾನಂತೆ.

ಕೊಡಬೇಡಿ, ತಾಯಿ. ನಿಮಗೆ ಅಡ್ಡಿಯಾದ ಮಾಸ ಬೇರೆಯವರಿಗೂ ಅಡ್ಡಿಯೇ ತಾನೆ? ಸಂಕ್ರಾಂತಿಯವರೆಗೆ ಸಿಗುವ ಈ ಒಂದು ತಿಂಗಳಲ್ಲಿ ಮನೆಯನ್ನು ನಾಲ್ಕು ಸಲ ನೋಡಿ ಬನ್ನಿ. 2013ರಲ್ಲಿ ನರಸಾಪುರದಲ್ಲಿ ಹೋಂಡಾ ಸ್ಕೂಟರಿನ ಕಾರ್ಖಾನೆ ಶುರುವಾಯಿತು, ಆಮೇಲೆ ಐಫೋನ್ ಕಾರ್ಖಾನೆಯೂ ಬಂತು. ರಾಗಿ ಹೊಲಗಳೆಲ್ಲ ಸೈಟುಗಳಾದವು. ಬಾಡಿಗೆಗೆಂದೇ ಆತುರದಲ್ಲಿ ಕಟ್ಟಿದ ಮನೆಗಳೂ ಅವುಗಳ ನಡುವೆ ಎದ್ದಿವೆ.

ಮನೆ ನೋಡುವುದಕ್ಕೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ನಮಗೆ ಹಿಂಗಾರು ಮಳೆ ಅಕ್ಟೋಬರ್, ನವೆಂಬರ್‌ನಲ್ಲಿ ಸುರಿಯುತ್ತದೆ. ಅದರ ಗುರುತು ಈಗ ಗೋಡೆಯಲ್ಲೇ ಇರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಯಾವ ಮನೆಯೂ ಮದುವಣಗಿತ್ತಿಯ ಹಾಗೆ ಕಾಣುತ್ತದೆ! ಒಳಗೆ ಹೋದ ಕೂಡಲೇ ಹಾಲ್ ನೋಡಿ ಮರುಳಾಗಬೇಡಿ. ಸಜ್ಜದ ಮೇಲಿನ ಮೂಲೆ, ಬೀರುವಿನ ಹಿಂದೆ, ಬಚ್ಚಲ ಮನೆಯ ಹೊರಗೋಡೆ ನೋಡಿ. ಬಿಳಿ ಉಪ್ಪು ಉಬ್ಬಿದೆಯೇ? ಬೆರಳಿನಿಂದ ಗೋಡೆ ತಟ್ಟಿ, ಡಬಡಬ ಅಂದರೆ ಗಾರೆ ಗೋಡೆ ಬಿಟ್ಟಿದೆ ಅಂತ ಅರ್ಥ. ಒಂದೇ ಗೋಡೆಗೆ ಹೊಸ ಬಣ್ಣ ಹಚ್ಚಿದ್ದರೆ ಯಾಕೆ ಅಂತ ಕೇಳಿಯೇ ಬಿಡಿ. ಸಂಕೋಚ ಯಾಕೆ, ದುಡ್ಡು ನಿಮ್ಮದು.

ಆಮೇಲೆ ಎದುರು ಮನೆಯಾಕೆಯನ್ನು ಮಾತಾಡಿಸಿ. ಅವರು ಹೇಳುವಷ್ಟು ಯಾವ ಬ್ರೋಕರೂ ಹೇಳುವುದಿಲ್ಲ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ, ಮಳೆಗಾಲದಲ್ಲಿ ಬೀದಿಯಲ್ಲಿ ನೀರು ಎಲ್ಲಿಯವರೆಗೆ ನಿಲ್ಲುತ್ತೆ, ಕೇಳಿ. ಬರಗಾಲದ ವರ್ಷಗಳಲ್ಲಿ ಒಣಗಿದ ರಾಜಕಾಲುವೆ ಸೈಟಿನ ಹಾಗೇ ಕಾಣುತ್ತದೆ. 2021ರ ನವೆಂಬರ್ ಮಳೆಗೆ ನಮ್ಮ ಜಿಲ್ಲೆಯ ಕೆರೆಗಳು ಕೋಡಿ ಬಿದ್ದಾಗ ನೀರು ಎಲ್ಲಿ ಹರಿಯಿತು ಅಂತ ಊರಿನ ಹಿರಿಯರಿಗೆ ನೆನಪಿರುತ್ತದೆ. ಬೋರ್‌ವೆಲ್ ನೀರನ್ನೂ ಪರೀಕ್ಷೆಗೆ ಕೊಡಿ. ನಮ್ಮ ಜಿಲ್ಲೆಯ ಎಷ್ಟೋ ಕಡೆ ನೀರಿನಲ್ಲಿ ಫ್ಲೋರೈಡ್ ಇದೆ, ಕುದಿಸಿದರೆ ಅದು ಹೋಗುವುದಿಲ್ಲ.

ಕಾಗದಪತ್ರ ಗಂಡಸರ ಕೆಲಸ ಅಂತ ಸುಮ್ಮನಿರಬೇಡಿ, ಒಡವೆ ಹೋಗುವುದು ನಿಮ್ಮ ಕೊರಳಿನಿಂದ. ಪಂಚಾಯಿತಿಯಿಂದ ಇ-ಸ್ವತ್ತಿನ 9 ಮತ್ತು 11ನೇ ನಮೂನೆ ಇದೆಯೇ, ಹೊಲ ಭೂಪರಿವರ್ತನೆ ಆಗಿದೆಯೇ ನೋಡಿ. 11ಬಿ ಅಂತಿದ್ದರೆ ಬ್ಯಾಂಕಿನವರು ಸಾಲ ಕೊಡುತ್ತಾರೆಯೇ ಅಂತ ಮೊದಲೇ ವಿಚಾರಿಸಿ. ಉಪನೋಂದಣಾಧಿಕಾರಿ ಕಚೇರಿಯಿಂದ 30 ವರ್ಷದ ಋಣಭಾರ ಪತ್ರ ತೆಗೆಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಕಾಯಿದೆ ಪ್ರಕಾರ ಅನುಮತಿಯಿಲ್ಲದ ಮಾರಾಟ ನಿಲ್ಲುವುದಿಲ್ಲ. ಪಿತ್ರಾರ್ಜಿತ ಆಸ್ತಿಯಾದರೆ ಮಾರುವವರ ಅಕ್ಕತಂಗಿಯರೂ ಸಹಿ ಹಾಕಬೇಕು. ನಮ್ಮ ರಾಜ್ಯದಲ್ಲಿ 1994ರಲ್ಲೇ, ದೇಶಕ್ಕೆಲ್ಲ 2005ರಲ್ಲಿ ಹೆಣ್ಣುಮಕ್ಕಳಿಗೂ ಪಾಲು ಬಂತು. ಇಷ್ಟನ್ನೂ ವಕೀಲರೊಬ್ಬರು ನೋಡಿದ ಮೇಲೆ ಮುಂಗಡದ ಮಾತು. ಕೊಳ್ಳುವ ಪತ್ರದಲ್ಲಿ ನಿಮ್ಮ ಹೆಸರೂ ಇರಲಿ.

ಇನ್ನು ಸ್ವಂತ ಮನೆ ಇರುವವರಿಗೆ. ಕಲ್ಲು ಚಪ್ಪಡಿಯ ಹಳೇ ಮನೆಯಾದರೂ, ಆರ್.ಸಿ.ಸಿ. ಆದರೂ ತಾರಸಿ ರಿಪೇರಿಗೆ ಇದೇ ಕಾಲ. ಬಿರುಕಿನ ಮೇಲೆ ಸುಮ್ಮನೆ ಸಿಮೆಂಟು ಬಳಿದರೆ ಮುಂದಿನ ಮಳೆಗೆ ಎದ್ದು ಬರುತ್ತದೆ. ಉಳಿಯಿಂದ ಬಿರುಕನ್ನು ಸ್ವಲ್ಪ ಅಗಲ ಮಾಡಿಸಿ, ಬ್ರಷ್ಷಿನಿಂದ ಧೂಳು ತೆಗೆದು, ನೀರು ಚಿಮುಕಿಸಿ, ಆಮೇಲೆ ನೀರು ತಡೆಯುವ ಪುಡಿ ಬೆರೆಸಿದ ಗಾರೆ ತುಂಬಿಸಿ. ಒದ್ದೆ ಗೋಣಿಚೀಲ ಹೊದಿಸಿ ಏಳು ದಿನ ನೀರು ಹಾಕಿ. ಚಳಿಯ ಬಿಸಿಲಿಗೆ ಗಾರೆ ಬೇಗ ಒಣಗಿ ಸೀಳುವುದಿಲ್ಲ. ಬಾಗಿಲು ಬಿಗಿಯಾಗಿದೆಯೆಂದು ಈಗಲೇ ಬಡಗಿಯನ್ನು ಕರೆದು ಹೆರೆಸಬೇಡಿ. ಮಳೆಗೆ ಉಬ್ಬಿದ ಮರ ಪುಷ್ಯದ ಒಣಹವೆಗೆ ತಾನೇ ಕುಗ್ಗುತ್ತದೆ, ಹೆರೆಸಿದರೆ ಆಮೇಲೆ ಸಂದು ಉಳಿದುಬಿಡುತ್ತದೆ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಸಣ್ಣ ಮನೆಗಳಲ್ಲಿ ಬಚ್ಚಲಿಗೆ ಕಿಟಕಿಯೇ ಇಲ್ಲದೆ ಒಳಗೆ ಗ್ಯಾಸ್ ಗೀಸರ್ ಹಾಕಿಸುತ್ತಾರೆ. ಚಳಿಗೆ ಬಾಗಿಲು ಭದ್ರ ಮಾಡಿ ಸ್ನಾನಕ್ಕೆ ನಿಂತರೆ ಉರಿಯಿಂದ ಹುಟ್ಟುವ ವಿಷಗಾಳಿ ಅಲ್ಲೇ ಸೇರಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ತಲೆ ಸುತ್ತುವಷ್ಟರಲ್ಲಿ ಚಿಲಕ ತೆಗೆಯಲೂ ಶಕ್ತಿ ಇರುವುದಿಲ್ಲ. ಬಾಣಂತಿ ಕೋಣೆ ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಡುವುದೂ ಹೀಗೇ. ಗೀಸರನ್ನು ಹೊರಗೋಡೆಗೆ ಹಾಕಿಸಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಹೇಳಿ. ಅವರು ಕೇಳದಿದ್ದರೆ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ.

ವೇಮಗಲ್ಲಿನ ಸೋದರಿ ಸಂಕ್ರಾಂತಿ ಕಳೆದ ಮೇಲೆ ಇನ್ನೊಂದು ಕಾಗದ ಹಾಕಲಿ. ಆ ಮನೆಯ ಈಶಾನ್ಯದ ಗೋಡೆ ಹೇಗಿದೆ ಅಂತ ತಿಳಿಯುವ ಕುತೂಹಲ ನನಗೂ ಇದೆ.